ರೀರೈಟಬಲ್ ಡಿಸ್ಕ್ ಹಾಕಿ ಡಿವಿಡಿ ಬರ್ನರ್ ಪರೀಕ್ಷೆ: ತಪ್ಪು ಡ್ರೈವ್‌ದೋ, ಡಿಸ್ಕ್‌ದೋ?

ಮಿಂಚುಹುಳ

ಎಲ್ಲರಿಗೂ ನಮಸ್ಕಾರ. ಅಪ್ಪನ ದನಿ ಇರುವ ಹಳೇ ರೆಕಾರ್ಡಿಂಗ್‌ಗಳನ್ನು ಡಿವಿಡಿಗೆ ಹಾಕಿಡಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಅದಕ್ಕಾಗಿ ಒಂದು ಸೆಕೆಂಡ್ ಹ್ಯಾಂಡ್ ಡಿವಿಡಿ ಬರ್ನರ್ ತಂದು ಡೆಸ್ಕ್‌ಟಾಪ್ ಒಳಗೆ ಕೂರಿಸಿದೆ. ಸಾಟಾ ಕೇಬಲ್‌ನದು. ಒಂದೇ ಸಲ ಬರೆಯುವ ಡಿಸ್ಕ್‌ಗಳು ನನ್ನ ಹತ್ತಿರ ಕೆಲವೇ ಇವೆ. ಅವನ್ನು ಹಾಳು ಮಾಡುವ ಮುಂಚೆ ಡ್ರೈವ್ ಹೇಗಿದೆ ನೋಡೋಣ ಅಂತ ಹಳೇ ರೀರೈಟಬಲ್ (ಅಳಿಸಿ ಮತ್ತೆ ಬರೆಯಬಹುದಾದ) ಡಿಸ್ಕ್‌ಗಳನ್ನು ಹುಡುಕಿ ತೆಗೆದೆ. ಡಿವಿಡಿ ಪ್ಲಸ್ ಆರ್‌ಡಬ್ಲ್ಯೂ ಮೂರು, ಡಿವಿಡಿ ಮೈನಸ್ ಆರ್‌ಡಬ್ಲ್ಯೂ ಒಂದು, ಸಿಡಿ ಆರ್‌ಡಬ್ಲ್ಯೂ ಒಂದು. ಪ್ಲಸ್, ಮೈನಸ್ ಅನ್ನೋದು ರೀರೈಟಬಲ್ ಡಿವಿಡಿಯ ಎರಡು ಬಗೆ.

ಮೊದಲ ಪ್ಲಸ್ ಡಿಸ್ಕ್ ಮೇಲೆ ಬರೆಯುವ ವೇಗ 4ಎಕ್ಸ್ ಅಂತ ಇದೆ. ಪೂರ್ತಿ ತುಂಬುವಷ್ಟು ಫೈಲ್ ಹಾಕಿ ಬರ್ನ್ ಕೊಟ್ಟೆ. 26 ನಿಮಿಷ ಹಿಡಿಯಿತು. ಆಮೇಲೆ ವೆರಿಫೈ ಮಾಡುವಾಗ 4.1 ಜಿಬಿ ದಾಟಿದ ಮೇಲೆ ಓದಲು ಆಗುತ್ತಿಲ್ಲ ಅಂತ ನಿಂತುಹೋಯಿತು. ಮತ್ತೆ ಬರೆದೆ, ಮತ್ತೆ ಅಲ್ಲೇ ನಿಂತಿತು. ಡ್ರೈವ್ ಕೆಟ್ಟಿದೆ ಅಂತಲೇ ಅರ್ಥವಾ? ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇಪೆಟ್ಟಿಗೆ

ಅಷ್ಟು ಬೇಗ ಡ್ರೈವ್ ಮೇಲೆ ಹೊರಿಸಬೇಡಿ. ಮೊದಲು ಲೆಕ್ಕ ಹಾಕೋಣ.

ಡಿವಿಡಿಯಲ್ಲಿ 1ಎಕ್ಸ್ ಅಂದರೆ ಸೆಕೆಂಡಿಗೆ ಸುಮಾರು 1.385 ಎಂಬಿ. 4ಎಕ್ಸ್ ಅಂದರೆ 5.54 ಎಂಬಿ. ಪ್ಲಸ್ ಆರ್‌ಡಬ್ಲ್ಯೂ ಡಿಸ್ಕ್‌ನಲ್ಲಿ 470 ಕೋಟಿ ಬೈಟ್ ಹಿಡಿಸುತ್ತೆ. ಭಾಗಿಸಿದರೆ 14 ನಿಮಿಷ ಚಿಲ್ಲರೆ. ಶುರುವಿನ ತಯಾರಿ, ಕೊನೆಯಲ್ಲಿ ಮುಚ್ಚುವ ಕೆಲಸ ಸೇರಿಸಿದರೂ 16 ದಾಟಬಾರದು. ನಿಮಗೆ 26 ಆಗಿದೆ. ಈಗ 2.4ಎಕ್ಸ್‌ಗೆ ಲೆಕ್ಕ ಹಾಕಿ. 23 ನಿಮಿಷ 34 ಸೆಕೆಂಡ್ ಬರುತ್ತೆ. ತಯಾರಿ ಸೇರಿಸಿದರೆ ನಿಮ್ಮ 26ಕ್ಕೆ ಹತ್ತಿರ ಬಂತು, ಅಲ್ವಾ? ಅಂದರೆ ನಿಮ್ಮ ಡ್ರೈವ್ ತಡವರಿಸಿಕೊಂಡು ಬರೆದಿಲ್ಲ. 2.4ಎಕ್ಸ್ ಅಂತ ತಾನೇ ತೀರ್ಮಾನ ಮಾಡಿ ಅದೇ ವೇಗದಲ್ಲಿ ಬರೆದಿದೆ. ಯಾಕೆ ಹಾಗೆ ತೀರ್ಮಾನ ಮಾಡಿತು ಅನ್ನೋದೇ ಈಗಿನ ಪ್ರಶ್ನೆ.

ಇನ್ನೊಂದು ವಿಷಯ. ಡಿಸ್ಕ್ ಮೇಲೆ 4.7 ಜಿಬಿ ಅಂತ ಇದ್ದರೂ 1024ರ ಲೆಕ್ಕದಲ್ಲಿ ಅದು 4.38. ಹಾಗಾಗಿ ನಿಮ್ಮ 4.1 ಅನ್ನೋದು ಡಿಸ್ಕ್‌ನ ಹೊರ ಅಂಚಿನ ಹತ್ತಿರ. ಬರವಣಿಗೆ ಒಳಗಿನಿಂದ ಹೊರಗೆ ಹೋಗುತ್ತೆ. ಕೈ ಹೆಚ್ಚು ತಾಗುವುದೂ, ಡಿಸ್ಕ್ ಬಾಗಿದ್ದರೆ ಹೆಚ್ಚು ಕಾಣುವುದೂ ಅಂಚಿನಲ್ಲೇ.

ಸದ್ದಿಲ್ಲದವ

ಡಿಸ್ಕ್ ಒರೆಸಿದ್ರಾ? ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಬೇಡಿ. ಟ್ರ್ಯಾಕ್ ಉದ್ದಕ್ಕೂ ಗೀರು ಬಿದ್ದರೆ ಅದನ್ನು ಸರಿಪಡಿಸಿಕೊಳ್ಳುವುದು ಡ್ರೈವ್‌ಗೆ ಕಷ್ಟ.

ಮಿಂಚುಹುಳ

ಒರೆಸಿದೆ. ಅಂಚಿನಲ್ಲಿ ಸಣ್ಣ ಗೀರುಗಳಿವೆ, ಆಳವಾದದ್ದು ಯಾವುದೂ ಇಲ್ಲ. ಸಾಫ್ಟ್‌ವೇರ್‌ನಲ್ಲಿ ವೇಗ "ಮ್ಯಾಕ್ಸಿಮಂ" ಅಂತ ಇತ್ತು. ಡಿಸ್ಕ್ ಮಾಹಿತಿ ನೋಡಿದರೆ 4.0 ಮತ್ತು 2.4 ಎರಡೂ ಕಾಣುತ್ತವೆ.

ಲೆಕ್ಕ ನೋಡಿ ತುಂಬಾ ಸಮಾಧಾನ ಆಯಿತು ಹಳೇಪೆಟ್ಟಿಗೆ ಸರ್. ಬರೀ ನಿಮಿಷ ಎಣಿಸಿದರೆ ಇಷ್ಟೆಲ್ಲ ತಿಳಿಯುತ್ತೆ ಅಂತ ನನಗೆ ಹೊಳೆದೇ ಇರಲಿಲ್ಲ.

ನಿಧಾನಿ

ಡ್ರೈವ್ ಯಾಕೆ ತಾನೇ ನಿಧಾನ ಮಾಡಿಕೊಂಡಿತು ಅನ್ನೋದಕ್ಕೆ ಡಿಸ್ಕ್ ಒಳಗೆ ಏನಾಗುತ್ತೆ ಅಂತ ಸ್ವಲ್ಪ ನೋಡಬೇಕು. ಇದು ನನಗೆ ತುಂಬಾ ಇಷ್ಟದ ವಿಷಯ, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ಒಂದೇ ಸಲ ಬರೆಯುವ ಸಾಮಾನ್ಯ ಡಿಸ್ಕ್‌ನಲ್ಲಿ ಒಂದು ಬಣ್ಣದ ಪದರ ಇರುತ್ತೆ. ಲೇಸರ್ ಅದನ್ನು ಸುಟ್ಟು ಗುರುತು ಮಾಡುತ್ತೆ. ಸುಟ್ಟ ಮೇಲೆ ಮುಗಿಯಿತು. ರೀರೈಟಬಲ್‌ನಲ್ಲಿ ಬಣ್ಣ ಇಲ್ಲ, ಲೋಹಗಳ ಬೆರಕೆ ಇದೆ. ಜರ್ಮೇನಿಯಂ, ಆಂಟಿಮನಿ, ಟೆಲ್ಲೂರಿಯಂ ಸೇರಿದ್ದು ಒಂದು ಬಗೆ. ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಲೂರಿಯಂ ಸೇರಿದ್ದು ಇನ್ನೊಂದು ಬಗೆ. ಈ ಬೆರಕೆ ಎರಡು ರೂಪದಲ್ಲಿ ಇರಬಲ್ಲದು. ಹರಳಾಗಿದ್ದರೆ ಬೆಳಕನ್ನು ಜಾಸ್ತಿ ವಾಪಸ್ ಕಳಿಸುತ್ತೆ. ಹರಳಿಲ್ಲದೆ ಗಾಜಿನ ಹಾಗಿದ್ದರೆ ಕಡಿಮೆ.

ಲೇಸರ್ ಜೋರಾಗಿ ಹೊಡೆದರೆ ಆ ಜಾಗ ಸುಮಾರು 600 ಡಿಗ್ರಿಗೆ ಕಾದು ಕರಗುತ್ತೆ. ತಕ್ಷಣ ಆರಿದರೆ ಹರಳಾಗಲು ಪುರುಸೊತ್ತೇ ಸಿಗುವುದಿಲ್ಲ, ಗಾಜಿನ ಹಾಗೆ ಉಳಿಯುತ್ತೆ. ಅದೇ ಗುರುತು. ಅಳಿಸಲು ಲೇಸರ್ ಮಧ್ಯಮ ಬಲದಲ್ಲಿ ಬೀಳುತ್ತೆ. 200 ಡಿಗ್ರಿ ದಾಟಿಸಿ ಕೊಂಚ ಹೊತ್ತು ಬಿಸಿ ಹಿಡಿದರೆ ಮತ್ತೆ ಹರಳು ಕಟ್ಟುತ್ತೆ. ಹಳೆಯದರ ಮೇಲೆಯೇ ಹೊಸದು ಬರೆಯುವಾಗ ಈ ಎರಡೂ ಕೆಲಸ ಒಂದೇ ಓಟದಲ್ಲಿ ಆಗುತ್ತವೆ.

ಈಗ ಹೊತ್ತಿನ ಲೆಕ್ಕ. ಡಿವಿಡಿ 1ಎಕ್ಸ್‌ನಲ್ಲಿ ಟ್ರ್ಯಾಕ್ ಲೇಸರ್ ಕೆಳಗೆ ಸೆಕೆಂಡಿಗೆ 3.49 ಮೀಟರ್ ಓಡುತ್ತೆ. 4ಎಕ್ಸ್‌ನಲ್ಲಿ 14 ಮೀಟರ್. ಬೆಳಕಿನ ಚುಕ್ಕಿ ಒಂದು ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು) ಆಸುಪಾಸು. ಅಂದರೆ ಒಂದು ಜಾಗದ ಮೇಲೆ ಬೆಳಕು ನಿಲ್ಲುವುದು ಸೆಕೆಂಡಿನ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು. ಅಷ್ಟರಲ್ಲಿ ಹರಳು ಕಟ್ಟಬೇಕು. ಒಂದೇ ಸಲ ಬರೆಯುವ ಡಿಸ್ಕ್ 16ಎಕ್ಸ್ ಮುಟ್ಟಿದರೂ ಪ್ಲಸ್ ಆರ್‌ಡಬ್ಲ್ಯೂ 8ಕ್ಕೆ, ಮೈನಸ್ ಆರ್‌ಡಬ್ಲ್ಯೂ 6ಕ್ಕೆ ನಿಂತಿದ್ದರ ಹಿಂದೆ ಇದೇ ಇದೆ.

ಬರೆಯುವ ಮುಂಚೆ ಪ್ರತಿ ಡ್ರೈವ್ ಡಿಸ್ಕ್‌ನಲ್ಲಿ ಅದಕ್ಕೆಂದೇ ಬಿಟ್ಟಿರುವ ಜಾಗದಲ್ಲಿ ಲೇಸರ್ ಬಲವನ್ನು ಹೆಚ್ಚು ಕಡಿಮೆ ಮಾಡಿ ಬರೆದು ನೋಡುತ್ತೆ. ಯಾವ ಬಲದಲ್ಲಿ ಚೆನ್ನಾಗಿ ಬಂತೋ ಅದನ್ನು ಹಿಡಿಯುತ್ತೆ. ಪವರ್ ಕ್ಯಾಲಿಬ್ರೇಷನ್ ಅನ್ನೋದು ಇದನ್ನೇ. ಸವೆದ ಡಿಸ್ಕ್‌ನಲ್ಲಿ 4ಎಕ್ಸ್‌ಗೆ ಸರಿಯಾದ ಬಲ ಸಿಗದಿದ್ದರೆ ಕೆಲವು ಡ್ರೈವ್‌ಗಳು ಕೆಳಗಿನ ವೇಗಕ್ಕೆ ಇಳಿಯುತ್ತವೆ. ನಿಮ್ಮದೂ ಹಾಗೇ ಮಾಡಿರಬೇಕು ಅಂತ ನನ್ನ ಊಹೆ. ಹಾಗಿದ್ದರೆ ಅದು ಡ್ರೈವ್‌ನ ಒಳ್ಳೇ ಗುಣ.

ಟಕ್ಸ್‌ಪ್ರೇಮಿ

ಊಹೆಯನ್ನು ಪಕ್ಕಕ್ಕಿಟ್ಟು ಪರೀಕ್ಷೆ ಮಾಡೋಣ. ನಾನು ಮಾಡುವ ಕ್ರಮ ಇದು.

ಮೊದಲು ಡಿಸ್ಕ್‌ಗಳಿಗೆ ನಂಬರ್ ಹಾಕಿ. ನಡುವಿನ ಪಾರದರ್ಶಕ ಬಳೆಯ ಮೇಲೆ ಮೆತ್ತನೆ ಪೆನ್ನಿನಲ್ಲಿ 1, 2, 3. ಇದು ಮಾಡದೆ ಇದ್ದರೆ ಎರಡನೇ ದಿನಕ್ಕೆ ಯಾವುದು ಯಾವುದು ಅಂತ ಕಲಸಿಹೋಗುತ್ತೆ.

ಆಮೇಲೆ ಒಂದೇ ಒಂದು ಪರೀಕ್ಷೆ ಫೈಲ್ ಮಾಡಿ. ಯದ್ವಾತದ್ವಾ ಡೇಟಾ ತುಂಬಿದ ಫೈಲ್ ಇರಲಿ. ಲಿನಕ್ಸ್ ಆದರೆ ಅಂಥ ಡೇಟಾ ಕೊಡುವ ಯುರ‍್ಯಾಂಡಮ್‌ನಿಂದ ತೆಗೆದುಕೊಳ್ಳಬಹುದು. ಬರೀ ಸೊನ್ನೆ ತುಂಬಿದರೆ ಒಂದು ಕಡೆಯದು ಇನ್ನೊಂದು ಕಡೆ ಬಂದರೂ ಗೊತ್ತಾಗುವುದಿಲ್ಲ. ಡಿಸ್ಕ್‌ನ ಅಂಚಿನ ತನಕ ಹೋಗುವಷ್ಟು ದೊಡ್ಡದಿರಲಿ. ಪ್ಲಸ್ ಆರ್‌ಡಬ್ಲ್ಯೂನಲ್ಲಿ 2048 ಬೈಟ್‌ನ 22,95,104 ಸೆಕ್ಟರ್ (ಡೇಟಾದ ತುಂಡುಗಳು) ಇರುತ್ತವೆ. ಅರ್ಧ ಡಿಸ್ಕ್ ಬರೆದು ಡ್ರೈವ್ ಚೆನ್ನಾಗಿದೆ ಅಂದರೆ ನಾನು ಒಪ್ಪುವುದಿಲ್ಲ, ತೊಂದರೆ ಇರುವುದೇ ಆ ಕಡೆ ಅರ್ಧದಲ್ಲಿ. ಫೈಲ್‌ನ ಎಸ್‌ಎಚ್‌ಎ 256 ಹ್ಯಾಶ್ ತೆಗೆದು ಬರೆದಿಟ್ಟುಕೊಳ್ಳಿ. ಅದು ಫೈಲ್‌ನ ಬೆರಳಚ್ಚಿನ ಹಾಗೆ, ಒಳಗೆ ಏನಾದರೂ ಬದಲಾದರೆ ಅದೂ ಬದಲಾಗುತ್ತೆ.

ಬರೆದಾದ ಮೇಲೆ ಡಿಸ್ಕ್ ಹೊರಗೆ ತೆಗೆದು ಮತ್ತೆ ಹಾಕಿ. ಇದನ್ನು ಬಿಡಬೇಡಿ. ಇಲ್ಲದಿದ್ದರೆ ಕಂಪ್ಯೂಟರ್ ತನ್ನ ಮೆಮೊರಿಯಲ್ಲಿ ಉಳಿದಿದ್ದನ್ನೇ ಕೊಟ್ಟುಬಿಡಬಹುದು, ನೀವು ಡಿಸ್ಕ್ ಓದಿದೆ ಅಂದುಕೊಳ್ಳುತ್ತೀರಿ. ಆಮೇಲೆ ಪೂರ್ತಿ ಓದಿಸಿ ಹ್ಯಾಶ್ ತಾಳೆ ನೋಡಿ. ಓದಲು ಎಷ್ಟು ಹೊತ್ತು ಆಯಿತು ಅಂತಲೂ ಬರೆಯಿರಿ.

ಕೊನೆಯದಾಗಿ, ಇನ್ನೊಂದು ಡ್ರೈವ್ ಬೇಕೇ ಬೇಕು. ಯಾರದಾದರೂ ಕಡ ತನ್ನಿ. ಒಂದೇ ಡ್ರೈವ್‌ನಲ್ಲಿ ಬರೆದು ಅದರಲ್ಲೇ ಓದಿದರೆ ತಪ್ಪು ಬರೆಯುವಾಗ ಆಯಿತಾ, ಓದುವಾಗ ಆಯಿತಾ, ಡಿಸ್ಕ್‌ನಲ್ಲೇ ಇದೆಯಾ ಅಂತ ಬಿಡಿಸಲು ಆಗುವುದೇ ಇಲ್ಲ. ಎರಡರಲ್ಲೂ ಬರೆಯಬೇಕು, ಎರಡರಲ್ಲೂ ಓದಬೇಕು. ಒಂದು ಡಿಸ್ಕ್‌ಗೆ ನಾಲ್ಕು ಫಲಿತಾಂಶ.

ಸದ್ದಿಲ್ಲದವ

ಸಾಫ್ಟ್‌ವೇರ್‌ನಲ್ಲಿ "ಸಿಮ್ಯುಲೇಷನ್" ಅಂತ ಇರುತ್ತಲ್ಲ, ಲೇಸರ್ ಜೋರು ಮಾಡದೆ ಸುಮ್ನೆ ಬರೆದ ಹಾಗೆ ನಟಿಸುವುದು. ಅದರಲ್ಲಿ ನೋಡಿದರೆ ಸಾಲದಾ?

ಟಕ್ಸ್‌ಪ್ರೇಮಿ

ಪ್ಲಸ್ ಡಿಸ್ಕ್‌ಗಳಲ್ಲಿ ಆ ಸೌಲಭ್ಯವೇ ಇಲ್ಲ. ಸಿಡಿ ಮತ್ತು ಮೈನಸ್ ಡಿಸ್ಕ್‌ಗಳಲ್ಲಿ ಮಾತ್ರ ಇದೆ. ಇದ್ದರೂ ಅದು ಹೇಳುವುದು ಕಂಪ್ಯೂಟರ್ ಡೇಟಾವನ್ನು ಸಾಕಷ್ಟು ವೇಗವಾಗಿ ಕೊಡುತ್ತಾ ಅನ್ನೋದನ್ನಷ್ಟೇ. ಬರೆದದ್ದು ಉಳಿಯುತ್ತಾ ಅನ್ನೋದಕ್ಕೆ ಬರೆದೇ ನೋಡಬೇಕು.

ಅಂಗಳ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಯುಎಸ್‌ಬಿಗೆ ಚುಚ್ಚುವ ತೆಳ್ಳನೆ ಬರ್ನರ್. ಬರೆಯುವಾಗ ವೇಗ ಒಮ್ಮೆ ಸರಿ ಇರುತ್ತೆ, ಒಮ್ಮೆ ಪೂರ್ತಿ ಬಿದ್ದುಹೋಗುತ್ತೆ, ಕೆಲವು ಸಲ ಡ್ರೈವೇ ಮಾಯವಾಗಿ ಮತ್ತೆ ಬರುತ್ತೆ. ಅದೇ ಡಿಸ್ಕ್ ಬೇರೆ ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಬರೆಯಿತು.

ಹಳೇಪೆಟ್ಟಿಗೆ

ಡ್ರೈವ್ ಮಾಯವಾಗಿ ಬರುವುದು ಅಂದರೆ ಕರೆಂಟ್ ಸಾಲುತ್ತಿಲ್ಲ ಅಂತ. ಹಬ್ ಮೂಲಕ ಚುಚ್ಚಿದ್ದೀರಾ? ತೆಗೆದು ನೇರವಾಗಿ ಕಂಪ್ಯೂಟರ್‌ಗೆ ಚುಚ್ಚಿ. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪ್ ಕೊಡುವ ಲೆಕ್ಕ. ಬರೆಯುವಾಗ ಲೇಸರ್ ಮತ್ತು ಮೋಟಾರ್ ಎರಡೂ ಒಟ್ಟಿಗೆ ಎಳೆದರೆ ಅದು ಸಾಲದೆ ಹೋಗುತ್ತೆ. ಅದಕ್ಕೇ ಇಂಥ ಕೆಲವು ಡ್ರೈವ್‌ಗಳ ಜೊತೆ ಎರಡು ತಲೆಯ ಕೇಬಲ್ ಬರುತ್ತೆ. ಎರಡನ್ನೂ ಚುಚ್ಚಿ.

ಡೇಟಾ ದಾರಿಯ ಬಗ್ಗೆಯೂ ಒಂದು ಮಾತು. 4ಎಕ್ಸ್‌ಗೆ ಬೇಕಾದ ಐದೂವರೆ ಎಂಬಿ ಯುಎಸ್‌ಬಿ 2.0ಗೆ ಏನೂ ದೊಡ್ಡದಲ್ಲ. ಆದರೆ ಹಳೇ ಯುಎಸ್‌ಬಿ 1.1 ಪೋರ್ಟ್‌ಗೆ ಬಿದ್ದರೆ ಡಿವಿಡಿ 1ಎಕ್ಸ್ ಕೂಡ ಏಗುವುದಿಲ್ಲ.

ಸಾಟಾಗಿಂತ ಹಿಂದಿನ ಐಡಿಇ ಕೇಬಲ್ ಕಾಲದಲ್ಲಿ ನನಗೂ ಇಂಥದ್ದೇ ಆಗಿತ್ತು. ಹೊಸ ಬರ್ನರ್, ಹೊಸ ಡಿಸ್ಕ್, ಆದರೂ ಸಾಫ್ಟ್‌ವೇರ್ ತೋರಿಸುವ ವೇಗದ ಗೆರೆ ಗರಗಸದ ಹಲ್ಲಿನ ಹಾಗೆ ಏರಿ ಇಳಿಯುತ್ತಿತ್ತು. ಬಫರ್ (ಡ್ರೈವ್ ಡೇಟಾ ಕೂಡಿಟ್ಟುಕೊಳ್ಳುವ ಸಣ್ಣ ಮೆಮೊರಿ) ಖಾಲಿಯಾಗಿ, ನಿಂತು, ತುಂಬಿ, ಮತ್ತೆ ಶುರು. ಎರಡು ವಾರ ಡಿಸ್ಕ್‌ಗಳನ್ನೇ ಬೈದೆ. ಕೊನೆಗೆ ನೋಡಿದರೆ ವಿಂಡೋಸ್ ಎಕ್ಸ್‌ಪಿ ಆ ಚಾನೆಲ್ ಅನ್ನು ವೇಗದ ಡಿಎಂಎ ವಿಧಾನದಿಂದ ನಿಧಾನದ ಪಿಐಒ ವಿಧಾನಕ್ಕೆ ಇಳಿಸಿತ್ತು. ಆರು ಸಲ ದೋಷ ಎಣಿಸಿದ ಮೇಲೆ ಅದು ಹಾಗೆ ಇಳಿಸಿಬಿಡುತ್ತಿತ್ತು. ದೋಷಕ್ಕೆ ಕಾರಣ ಮಡಚಿ ಹಾಳಾದ ಕೇಬಲ್. ಕೇಬಲ್ ಬದಲಿಸಿ, ಡಿವೈಸ್ ಮ್ಯಾನೇಜರ್‌ನಲ್ಲಿ ಚಾನೆಲ್ ತೆಗೆದು ಮತ್ತೆ ಹಾಕಿಸಿದ ದಿನವೇ ಗೆರೆ ನೆಟ್ಟಗಾಯಿತು. ಬರವಣಿಗೆ ನಿಧಾನ ಆದರೆ ಲೇಸರ್‌ಗಿಂತ ಮುಂಚೆ ತಂತಿ ನೋಡುವ ಅಭ್ಯಾಸ ನನಗೆ ಬಂದದ್ದು ಅಲ್ಲಿಂದ.

ಅಂಗಳ

ಹಬ್ ತೆಗೆದೆ, ಸರಿಹೋಯಿತು! ತುಂಬಾ ಥ್ಯಾಂಕ್ಸ್.

ಮಿಂಚುಹುಳ

ಗೆಳತಿಯ ಲ್ಯಾಪ್‌ಟಾಪ್ ಕಡ ಸಿಕ್ಕಿತು, ಅದರಲ್ಲೂ ಬರ್ನರ್ ಇದೆ. ಎರಡು ದಿನ ಕೂತು ಮಾಡಿದೆ. ಟಕ್ಸ್‌ಪ್ರೇಮಿ ಹೇಳಿದ ಹಾಗೇ ಪ್ರತಿ ಸಲ ಡಿಸ್ಕ್ ತೆಗೆದು ಹಾಕಿದೆ.

ಡಿಸ್ಕ್ 1, ತೊಂದರೆ ಕೊಟ್ಟಿದ್ದು. ನನ್ನ ಡ್ರೈವ್‌ನಲ್ಲಿ ಬರೆದರೆ ಎರಡರಲ್ಲೂ ಅಂಚಿನ ಹತ್ತಿರ ಓದುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಬರೆದರೂ ಎರಡರಲ್ಲೂ ಹೆಚ್ಚು ಕಡಿಮೆ ಅದೇ ಜಾಗದಲ್ಲಿ ನಿಲ್ಲುತ್ತೆ.

ಡಿಸ್ಕ್ 2, ಒಮ್ಮೆಯೂ ಬಳಸದೆ ಕವರ್‌ನಲ್ಲೇ ಇದ್ದದ್ದು. ನನ್ನ ಡ್ರೈವ್ ತಾನಾಗಿಯೇ 4ಎಕ್ಸ್ ಹಿಡಿಯಿತು. 15 ನಿಮಿಷ ಆಯಿತು. ಎರಡರಲ್ಲೂ ಹ್ಯಾಶ್ ತಾಳೆಯಾಯಿತು. ಲ್ಯಾಪ್‌ಟಾಪ್‌ನಲ್ಲಿ ಬರೆದದ್ದೂ ಸರಿ.

ಡಿಸ್ಕ್ 3, ಕೆಲವು ಸಲ ಬಳಸಿದ್ದು. ಇದೇ ನನ್ನನ್ನು ಗೊಂದಲಕ್ಕೆ ಹಾಕಿದ್ದು. ನನ್ನ ಡ್ರೈವ್‌ನಲ್ಲಿ 4ಎಕ್ಸ್‌ನಲ್ಲಿ ಬರೆದರೆ ನನ್ನದರಲ್ಲಿ ಚೆನ್ನಾಗಿ ಓದುತ್ತೆ. ಲ್ಯಾಪ್‌ಟಾಪ್‌ನಲ್ಲಿ ಕೊನೆಯ ಭಾಗಕ್ಕೆ ಬಂದಾಗ ಡ್ರೈವ್ ಒದ್ದಾಡುತ್ತೆ. ವೇಗ ಬಿದ್ದು ಮತ್ತೆ ಮತ್ತೆ ಪ್ರಯತ್ನಿಸಿ ಅಂತೂ ಓದಿ ಮುಗಿಸುತ್ತೆ. ಹ್ಯಾಶ್ ಸರಿ ಬರುತ್ತೆ. ಅದೇ ಡಿಸ್ಕನ್ನು 2.4ಎಕ್ಸ್‌ನಲ್ಲಿ ಬರೆದರೆ ಲ್ಯಾಪ್‌ಟಾಪ್ ಒಂದೇ ಸಮನೆ ಓದುತ್ತೆ.

ಟಕ್ಸ್‌ಪ್ರೇಮಿ

ಇಷ್ಟು ಚೊಕ್ಕವಾಗಿ ಮಾಡಿದ್ದಕ್ಕೆ ನಿಮಗೆ ನಮಸ್ಕಾರ. ಡಿಸ್ಕ್ 1ರ ವಿಷಯ ಮುಗಿಯಿತು. ಬರೆಯುವ ಡ್ರೈವ್ ಬದಲಾದರೂ, ಓದುವ ಡ್ರೈವ್ ಬದಲಾದರೂ ತಪ್ಪು ಡಿಸ್ಕ್ ಜೊತೆಗೇ ಹೋಯಿತು. ಅದು ಡಿಸ್ಕ್‌ದು.

ಡಿಸ್ಕ್ 3 ನನಗೂ ಕುತೂಹಲ. ಹ್ಯಾಶ್ ಸರಿ ಇದೆ ಅಂದಮಾತ್ರಕ್ಕೆ ಬರವಣಿಗೆ ಗಟ್ಟಿಯಾಗಿದೆ ಅಂತಲ್ಲ. ತಪ್ಪು ತಿದ್ದುವ ವ್ಯವಸ್ಥೆ ಕಷ್ಟಪಟ್ಟು ಕಾಪಾಡಿರಬಹುದು. ಎರರ್ ಸ್ಕ್ಯಾನ್ ಮಾಡಿ ನೋಡಿ, ಓದುವಾಗ ಎಲ್ಲಿ ಎಷ್ಟು ತಪ್ಪು ಸಿಕ್ಕಿತು ಅಂತ ಎಣಿಸಿ ಗೆರೆಯಾಗಿ ತೋರಿಸುವುದು ಅದು. ಲಿನಕ್ಸ್‌ನಲ್ಲಿ ಕ್ಯೂಪಿಎಕ್ಸ್‌ಟೂಲ್ ಇದೆ. ವಿಂಡೋಸ್‌ನಲ್ಲಿ ನೀರೋ ಡಿಸ್ಕ್‌ಸ್ಪೀಡ್, ಆಪ್ಟಿ ಡ್ರೈವ್ ಕಂಟ್ರೋಲ್. ಡ್ರೈವ್ ಒಪ್ಪಬೇಕು ಅಷ್ಟೆ, ಎಲ್ಲ ಡ್ರೈವ್‌ಗಳೂ ಈ ಅಂಕಿ ಕೊಡುವುದಿಲ್ಲ.

ನಿಧಾನಿ

ಸ್ಕ್ಯಾನ್‌ನಲ್ಲಿ ಎರಡು ಅಂಕಿ ನೋಡಿ. ಡಿವಿಡಿ ಡೇಟಾ 32 ಕೆಬಿಯ ಬ್ಲಾಕ್‌ಗಳಲ್ಲಿ ಇರುತ್ತೆ, ಒಂದರಲ್ಲಿ 16 ಸೆಕ್ಟರ್. ಒಳಗಿನ ಮೊದಲ ಹಂತದಲ್ಲೇ ಸಿಕ್ಕಿದ ತಪ್ಪು ಸಾಲುಗಳು ಪಿಐಇ. ಸಾಲಾಗಿ ಎಂಟು ಬ್ಲಾಕ್‌ಗೆ 280 ಅದರ ಮಿತಿ. ಆ ಹಂತದಲ್ಲಿ ತಿದ್ದಲಾಗದೆ ಮುಂದಿನ ಹಂತಕ್ಕೆ ಹೋದದ್ದು ಪಿಐಎಫ್. ಒಂದು ಬ್ಲಾಕ್‌ಗೆ 4 ದಾಟಬಾರದು ಅಂತ ಲೆಕ್ಕ. ಸಿಡಿಯಾದರೆ ಸಿ1 ಅನ್ನೋದು (ಮೊದಲ ಹಂತದ ತಪ್ಪು) ಸೆಕೆಂಡಿಗೆ ಸರಾಸರಿ 220ರ ಒಳಗಿರಬೇಕು. ಸಿ2 (ಮುಂದಿನ ಹಂತದ್ದು) ಇರಲೇಬಾರದು.

ಅಂಕಿಗಿಂತ ಗೆರೆಯ ಆಕಾರ ನೋಡಿ. ಪೂರ್ತಿ ಡಿಸ್ಕ್‌ನಲ್ಲಿ ಒಂದೇ ಸಮ ಸ್ವಲ್ಪ ಎತ್ತರ ಇದ್ದರೆ ನಾನು ಹೆದರುವುದಿಲ್ಲ. ಅಂಚಿನ ಕಡೆ ಬೆಟ್ಟ ಏರಿದ ಹಾಗೆ ಏರಿದರೆ ಯೋಚಿಸುತ್ತೇನೆ. ನಡುವೆ ಒಂದೇ ಕಡೆ ಮುಳ್ಳಿನ ಹಾಗೆ ಎದ್ದಿದ್ದರೆ ಅದು ಗೀರು ಅಥವಾ ಕೊಳೆ.

ಎರಡು ಡ್ರೈವ್‌ಗಳ ಅಂಕಿಯನ್ನು ಪಕ್ಕಪಕ್ಕ ಇಟ್ಟು ಇದು ಜಾಸ್ತಿ, ಅದು ಕಮ್ಮಿ ಅನ್ನಬೇಡಿ. ಒಂದೇ ಡಿಸ್ಕನ್ನು ಎರಡು ಡ್ರೈವ್ ಎರಡು ಬಗೆಯಾಗಿ ಎಣಿಸುತ್ತವೆ. ಸ್ಕ್ಯಾನ್ ವೇಗ ಬದಲಾದರೂ ಅಂಕಿ ಬದಲಾಗುತ್ತೆ. ಒಂದೇ ಡ್ರೈವ್, ಒಂದೇ ವೇಗ ಹಿಡಿದುಕೊಂಡು ಡಿಸ್ಕ್ 2 ಮತ್ತು 3ನ್ನು ಹೋಲಿಸಿ.

ದಾಖಲೆಪಾಲ

ಇಷ್ಟು ಹೊತ್ತು ಓದುತ್ತಿದ್ದೆ. ಒಂದು ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ, ನೇರವಾಗಿ ಹೇಳುತ್ತೇನೆ. ಮಿಂಚುಹುಳ ಅವರು ಕೊನೆಗೆ ಬರೆಯಬೇಕಿರುವುದು ಒಂದೇ ಸಲ ಬರೆಯುವ ಡಿಸ್ಕ್ ಮೇಲೆ. ಆರ್‌ಡಬ್ಲ್ಯೂ ಪರೀಕ್ಷೆಯಿಂದ ಅದರ ಬಗ್ಗೆ ಏನು ತಿಳಿಯುತ್ತೆ? ಒಂದರಲ್ಲಿ ಬಣ್ಣ ಸುಡುವುದು, ಇನ್ನೊಂದರಲ್ಲಿ ಲೋಹ ಕರಗಿಸುವುದು. ಲೇಸರ್ ಹೊಡೆತದ ಕ್ರಮವೇ ಬೇರೆ. ಡ್ರೈವ್‌ನ ಫರ್ಮ್‌ವೇರ್‌ನಲ್ಲಿ (ಡ್ರೈವ್ ಒಳಗೇ ಇರುವ ಸಾಫ್ಟ್‌ವೇರ್) ಒಂದೊಂದು ಬಗೆಯ ಡಿಸ್ಕ್‌ಗೆ ಒಂದೊಂದು ಕ್ರಮ ಬರೆದಿರುತ್ತೆ. ಡಿಸ್ಕ್‌ನಲ್ಲಿರುವ ತಯಾರಕರ ಕೋಡ್ ಓದಿ ಅದನ್ನು ಆರಿಸುತ್ತೆ. ಆರ್‌ಡಬ್ಲ್ಯೂನಲ್ಲಿ ಪಾಸಾದ ಡ್ರೈವ್ ಇನ್ನೊಂದರಲ್ಲಿ ಕೆಟ್ಟದಾಗಿ ಬರೆಯಬಹುದು, ಉಲ್ಟಾನೂ ಆಗಬಹುದು.

ಇದು ಅಪ್ಪನ ದನಿಯ ವಿಷಯ. ಮತ್ತೆ ಸಿಗುವ ವಸ್ತು ಅಲ್ಲ. ಒಂದು ಒಳ್ಳೇ ಡಿಸ್ಕನ್ನು ಪರೀಕ್ಷೆಗೆ ಅಂತಲೇ ಕೊಡಿ.

ಹಳೇಪೆಟ್ಟಿಗೆ

ಕೊನೆಯ ಮಾತು ಒಪ್ಪಿದೆ. ಮೊದಲ ಮಾತು ಅರ್ಧ ಮಾತ್ರ. ಡ್ರೈವ್ ಅಂದರೆ ಬರೀ ಲೇಸರ್ ಹೊಡೆತದ ಕ್ರಮ ಅಲ್ಲ. ಮೋಟಾರ್ ಒಂದೇ ಸಮ ತಿರುಗುತ್ತಾ, ಲೆನ್ಸ್ ಅಂಚಿನ ತನಕ ಫೋಕಸ್ ಹಿಡಿದುಕೊಳ್ಳುತ್ತಾ, ಕೇಬಲ್ ಸರಿ ಇದೆಯಾ, ಡೇಟಾ ಬಿಡದೆ ಬರುತ್ತಾ, ಬಫರ್ ಖಾಲಿಯಾಗುತ್ತಾ, ಇದೆಲ್ಲ ಆರ್‌ಡಬ್ಲ್ಯೂನಲ್ಲೇ ಗೊತ್ತಾಗುತ್ತೆ. ಸಾವಿರ ಸಲ ಬರೆಯಬಹುದು ಅಂತ ಲೆಕ್ಕ ಇರುವ ಡಿಸ್ಕ್ ಕೈಯಲ್ಲಿರುವಾಗ ಈ ಸಣ್ಣ ತಪ್ಪುಗಳನ್ನು ಹುಡುಕಲು ಒಳ್ಳೇ ಡಿಸ್ಕ್ ಯಾಕೆ ಸುಡಬೇಕು?

ನಿಧಾನಿ

ನಾನು ನಡುವೆ ನಿಲ್ಲುತ್ತೇನೆ. ಆರ್‌ಡಬ್ಲ್ಯೂ ಓದುವುದು ಡ್ರೈವ್‌ಗೆ ಕಷ್ಟದ ಕೆಲಸ. ಅಚ್ಚು ಹಾಕಿದ ಸಿಡಿ ಬೀಳುವ ಬೆಳಕಿನಲ್ಲಿ 70 ಶೇಕಡಕ್ಕಿಂತ ಜಾಸ್ತಿ ವಾಪಸ್ ಕೊಡುತ್ತೆ. ಸಿಡಿ ಆರ್‌ಡಬ್ಲ್ಯೂ ಕೊಡುವುದು 15ರಿಂದ 25. ಡಿವಿಡಿ ಆರ್‌ಡಬ್ಲ್ಯೂ 18ರಿಂದ 30. ಹಳೇ ಸಿಡಿ ಪ್ಲೇಯರ್‌ಗಳು ಆರ್‌ಡಬ್ಲ್ಯೂ ಹಾಕಿದರೆ ಡಿಸ್ಕೇ ಇಲ್ಲ ಅನ್ನುವುದು ಇದಕ್ಕೇ. ಹಾಗಾಗಿ ಲೆನ್ಸ್‌ಗೆ ದೂಳು ಕೂತಿದ್ದರೆ, ಲೇಸರ್ ಬಡವಾಗಿದ್ದರೆ ಮೊದಲು ಬಾಯಿ ಬಿಡುವುದು ಆರ್‌ಡಬ್ಲ್ಯೂ. ಕೆಟ್ಟ ಸುದ್ದಿಯನ್ನು ಬೇಗ ಹೇಳುವ ಪರೀಕ್ಷೆ ಇದು. ಒಳ್ಳೇ ಸುದ್ದಿಗೆ ಮಾತ್ರ ದಾಖಲೆಪಾಲ ಹೇಳಿದ ಪರೀಕ್ಷೆಯೇ ಬೇಕು.

ದಾಖಲೆಪಾಲ

ಸರಿ, ಹಾಗೆ ಹೇಳಿದರೆ ಒಪ್ಪುತ್ತೇನೆ. ಆದರೆ ಸ್ಕ್ಯಾನ್‌ನ ಅಂಕಿಯನ್ನು ಹಿಡಿದು ಮಾತಾಡುವುದಾದರೆ ಆರ್‌ಡಬ್ಲ್ಯೂ ಅಂಕಿಗೆ ನಾನು ಈಗಲೂ ಬೆಲೆ ಕೊಡುವುದಿಲ್ಲ.

ಸದ್ದಿಲ್ಲದವ

ಡಿವಿಡಿ ರ‍್ಯಾಮ್ ಬಗ್ಗೆ ಯಾರೂ ಹೇಳಲಿಲ್ಲ. ಅದೂ ಅಳಿಸಿ ಬರೆಯುವ ಡಿಸ್ಕೇ. ಅದರಲ್ಲಿ ಡ್ರೈವ್ ಬರೆದ ತಕ್ಷಣ ತಾನೇ ಓದಿ ನೋಡುತ್ತೆ, ಕೆಟ್ಟ ಸೆಕ್ಟರ್ ಇದ್ದರೆ ಬೇರೆ ಜಾಗಕ್ಕೆ ಹಾಕುತ್ತೆ. 1 ಲಕ್ಷ ಸಲ ಬರೆಯಬಹುದು ಅಂತ ಲೆಕ್ಕ. ನನ್ನ ಹತ್ತಿರ ಇನ್ನೂ ಎರಡು ಇವೆ, ತುಂಬಾ ಪ್ರೀತಿಯ ಡಿಸ್ಕ್‌ಗಳು.

ಹಳೇಪೆಟ್ಟಿಗೆ

ನಿಜಕ್ಕೂ ಒಳ್ಳೇ ಡಿಸ್ಕ್ ಅದು. ಬರೆದು ಓದಿ ನೋಡುವುದರಿಂದ ವೇಗ ಮಾತ್ರ ಅರ್ಧಕ್ಕೆ ಇಳಿಯುತ್ತೆ. ಅದನ್ನು ಹಾಕಿ ಡ್ರೈವ್‌ನ ವೇಗ ಅಳೆಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಮಿಂಚುಹುಳ

ಸ್ಕ್ಯಾನ್ ಮಾಡಲು ನನ್ನ ಡ್ರೈವ್ ಒಪ್ಪಿತು. ಡಿಸ್ಕ್ 2 ಉದ್ದಕ್ಕೂ ತಗ್ಗಾಗಿ, ಸಮವಾಗಿ ಇದೆ. ಡಿಸ್ಕ್ 3 ಮುಕ್ಕಾಲು ಭಾಗದ ತನಕ ಅದೇ ಥರ ಇದ್ದು, ಆಮೇಲೆ ಏರುತ್ತಾ ಹೋಗಿ, ತೀರಾ ಅಂಚಿನಲ್ಲಿ ಪಿಐಎಫ್ ಮಿತಿ ದಾಟಿದೆ. 2.4ಎಕ್ಸ್‌ನಲ್ಲಿ ಬರೆದಾಗ ಅದೇ ಏರಿಕೆ ಇದೆ, ಆದರೆ ಮಿತಿಯ ಒಳಗೆ. ಫರ್ಮ್‌ವೇರ್ ನೋಡಿದೆ, ಇರುವುದೇ ಕೊನೆಯದು.

ಇನ್ನೊಂದು ತೊಂದರೆ. ಮೈನಸ್ ಆರ್‌ಡಬ್ಲ್ಯೂ ಡಿಸ್ಕನ್ನು ಕ್ವಿಕ್ ಇರೇಸ್ ಮಾಡಿ, ಮೊದಲು ಸ್ವಲ್ಪ ಬರೆದು ಆಮೇಲೆ ಇನ್ನಷ್ಟು ಸೇರಿಸೋಣ ಅಂದರೆ ಆಗುತ್ತಿಲ್ಲ. ಪ್ಲಸ್‌ನಲ್ಲಿ ಈ ರಗಳೆಯೇ ಇರಲಿಲ್ಲ.

ಟಕ್ಸ್‌ಪ್ರೇಮಿ

ಅದು ಡ್ರೈವ್‌ನ ತಪ್ಪಲ್ಲ. ಮೈನಸ್ ಆರ್‌ಡಬ್ಲ್ಯೂ ಕ್ವಿಕ್ ಇರೇಸ್ ಆದ ಮೇಲೆ ಒಂದೇ ಏಟಿಗೆ ಪೂರ್ತಿ ಬರೆಯಲು ಮಾತ್ರ ಬಿಡುತ್ತೆ. ಕಂತು ಕಂತಾಗಿ ಸೇರಿಸಬೇಕಾದರೆ ಫುಲ್ ಇರೇಸ್ ಮಾಡಬೇಕು. ಡಿಸ್ಕ್ 2ಎಕ್ಸ್‌ದಾದರೆ ಅರ್ಧ ಗಂಟೆ ಹಿಡಿಯುತ್ತೆ. ಪ್ಲಸ್ ಆರ್‌ಡಬ್ಲ್ಯೂಗೆ ಇರೇಸ್ ಅನ್ನೋದೇ ಬೇಡ. ಮೊದಲ ಸಲ ಫಾರ್ಮ್ಯಾಟ್ ಆದರೆ ಆಮೇಲೆ ಹಳೆಯದರ ಮೇಲೆಯೇ ಬರೆಯುತ್ತಾ ಹೋಗಬಹುದು. ವೇಗ ಹೋಲಿಸುವಾಗ ಇರೇಸ್‌ಗೆ ಹೋದ ಹೊತ್ತನ್ನು ಬೇರೆಯಾಗಿ ಬರೆದಿಡಿ, ಇಲ್ಲದಿದ್ದರೆ ಮೈನಸ್ ಡಿಸ್ಕ್‌ಗೆ ಅನ್ಯಾಯ ಆಗುತ್ತೆ.

ನಿಧಾನಿ

ಡಿಸ್ಕ್ 3ರ ಏರಿಕೆ ಬರೆಯುವ ವೇಗದ ಜೊತೆ ಬದಲಾಯಿತು ಅನ್ನೋದು ಮುಖ್ಯ. ಗೀರು ಆಗಿದ್ದರೆ ವೇಗ ತಗ್ಗಿಸಿದರೂ ಅಷ್ಟೇ ಇರುತ್ತಿತ್ತು. ನಿಮ್ಮ ಡ್ರೈವ್ ಮತ್ತು ಆ ಡಿಸ್ಕ್ ಸೇರಿದಾಗ 4ಎಕ್ಸ್ ಅಂಚಿನಲ್ಲಿ ಏಗುತ್ತಿಲ್ಲ. ಡಿಸ್ಕ್ 2ರಲ್ಲಿ ಏಗುತ್ತಿದೆ. ಎರಡರ ತಯಾರಕರ ಕೋಡ್ ಒಂದೇನಾ ನೋಡಿ. ಒಂದೇ ಬ್ರ್ಯಾಂಡ್ ಹೆಸರಿನ ಒಳಗೆ ಬೇರೆ ಬೇರೆ ಕಾರ್ಖಾನೆಯ ಡಿಸ್ಕ್ ಇರುವುದು ಮಾಮೂಲು.

ನಿಧಾನ ಬರೆದರೆ ಯಾವಾಗಲೂ ಒಳ್ಳೆಯದು ಅಂತ ಮಾತ್ರ ತಿಳಿಯಬೇಡಿ. ಹೈಸ್ಪೀಡ್ ಡಿಸ್ಕ್‌ಗಳಿಗೆ ಕೆಳಗಿನ ಮಿತಿಯೂ ಇರುತ್ತೆ. ಹೈಸ್ಪೀಡ್ ಸಿಡಿ ಆರ್‌ಡಬ್ಲ್ಯೂ 4ಎಕ್ಸ್‌ನಿಂದಲೇ ಶುರು. ಬೇಗ ಹರಳಾಗುವ ಹಾಗೆ ಮಾಡಿದ ಬೆರಕೆಯನ್ನು ತೀರಾ ನಿಧಾನ ಬರೆದರೆ, ಕರಗಿದ್ದು ಆರುವಷ್ಟರಲ್ಲಿ ಮತ್ತೆ ಹರಳಾಗಿಬಿಡುತ್ತೆ, ಗುರುತು ನಿಲ್ಲುವುದಿಲ್ಲ.

ಮಿಂಚುಹುಳ

ಕೋಡ್ ನೋಡಿದೆ. ಬೇರೆ ಬೇರೆ! ಡಬ್ಬಿಯ ಮೇಲೆ ಹೆಸರು ಒಂದೇ ಇತ್ತು.

ದಾಖಲೆಪಾಲ

ನೋಡಿದಿರಾ. ಈಗ ನಿಮ್ಮ ಒಂದೇ ಸಲ ಬರೆಯುವ ಡಿಸ್ಕ್‌ಗಳ ಕೋಡ್ ಕೂಡ ನೋಡಿ, ಎಲ್ಲ ಒಂದೇ ಬಗೆಯಾ ಅಂತ. ಒಂದನ್ನು ಪರೀಕ್ಷೆ ಫೈಲ್‌ಗೆ ಕೊಡಿ. ಆಮೇಲೆ ನಿಜವಾದ ಡಿಸ್ಕ್‌ಗಳಲ್ಲಿ ಅಂಚಿನ ತನಕ ತುಂಬಬೇಡಿ, ಕಂಪ್ಯೂಟರ್ ತೋರಿಸುವ 4 ಜಿಬಿಗೆ ನಿಲ್ಲಿಸಿ. ನಿಮ್ಮ ಡ್ರೈವ್ ಅಂಚಿನಲ್ಲಿ ಸ್ವಲ್ಪ ಸಡಿಲ ಅಂತ ಡಿಸ್ಕ್ 3 ಹೇಳಿದೆ. ಎರಡು ಪ್ರತಿ ಮಾಡಿ, ಹಾರ್ಡ್ ಡಿಸ್ಕ್‌ನಲ್ಲಿ ಇನ್ನೊಂದು ಇರಲಿ. ಪ್ರತಿ ಡಿಸ್ಕ್‌ಗೂ ಹ್ಯಾಶ್ ಬರೆದ ಸಣ್ಣ ಫೈಲ್ ಸೇರಿಸಿ.

ಮಿಂಚುಹುಳ

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಒಂದೇ ಸಲ ಬರೆಯುವ ಡಿಸ್ಕ್‌ಗಳೆಲ್ಲ ಒಂದೇ ಕೋಡ್. ಒಂದನ್ನು ಪರೀಕ್ಷೆಗೆ ಕೊಟ್ಟೆ. 8ಎಕ್ಸ್‌ನಲ್ಲಿ ಬರೆದೆ. ಸ್ಕ್ಯಾನ್ ಗೆರೆ ಸಮವಾಗಿ ಇದೆ, ಅಂಚಿನಲ್ಲಿ ಸ್ವಲ್ಪ ಏರಿಕೆ ಇದೆ, ಮಿತಿಗಿಂತ ತುಂಬಾ ಕೆಳಗೆ. ಲ್ಯಾಪ್‌ಟಾಪ್ ಎಲ್ಲೂ ನಿಲ್ಲದೆ ಓದಿತು.

ಆಮೇಲೆ ಧೈರ್ಯ ಮಾಡಿ ಅಪ್ಪನ ರೆಕಾರ್ಡಿಂಗ್‌ಗಳ ಮೊದಲ ಡಿಸ್ಕ್ ಬರೆದೆ. 4 ಜಿಬಿಗೆ ನಿಲ್ಲಿಸಿದೆ. ಹ್ಯಾಶ್ ಎರಡೂ ಕಡೆ ತಾಳೆಯಾಯಿತು. ಲ್ಯಾಪ್‌ಟಾಪ್‌ನಲ್ಲಿ ಹಾಕಿ ಒಂದು ಫೈಲ್ ತೆರೆದೆ. ಅವರು ನನ್ನನ್ನು ಹೆಸರು ಹಿಡಿದು ಕರೆಯುವುದು ಕೇಳಿಸಿತು. ಪೂರ್ತಿ ಕೇಳಿ ಮುಗಿಸಿದ ಮೇಲೆಯೇ ಎರಡನೇ ಪ್ರತಿಗೆ ಡಿಸ್ಕ್ ಹಾಕಿದೆ.

ಡಿಸ್ಕ್ 1ರ ಬಳೆಯ ಮೇಲೆ "ಕೆಟ್ಟಿದೆ" ಅಂತ ಬರೆದು ಬೇರೆ ಇಟ್ಟಿದ್ದೇನೆ. ಡಿಸ್ಕ್ 2ನ್ನು ಪರೀಕ್ಷೆಗೆ ಅಂತಲೇ ಉಳಿಸಿಕೊಂಡೆ. ಇವತ್ತಿನ ದಿನಾಂಕ, ಸ್ಕ್ಯಾನ್ ಚಿತ್ರ, ಬರೆಯಲು ಆದ ಹೊತ್ತು ಎಲ್ಲ ಒಂದು ಫೋಲ್ಡರ್‌ನಲ್ಲಿ ಹಾಕಿದ್ದೇನೆ. ಆರು ತಿಂಗಳ ಮೇಲೆ ಇದೇ ಡ್ರೈವ್‌ನಲ್ಲಿ, ಇದೇ ವೇಗದಲ್ಲಿ ಅದರ ಮೇಲೆ ಮತ್ತೆ ಬರೆದು ಹೋಲಿಸುತ್ತೇನೆ.

ಟಕ್ಸ್‌ಪ್ರೇಮಿ

ಆಗ ಇಲ್ಲೇ ಬಂದು ಹಾಕಿ, ಎರಡು ಗೆರೆಯನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಎರಡನೇ ಪ್ರತಿಯನ್ನೂ ಓದಿಸಿ ನೋಡಿದ್ರಾ?

ಮಿಂಚುಹುಳ

ಈಗ ಓದುತ್ತಾ ಇದೆ. 2.6 ಜಿಬಿ ದಾಟಿತು, ಇನ್ನೂ ಎಲ್ಲೂ ನಿಂತಿಲ್ಲ.